ಕೆಂಪು ಒಂದು ಕಡೆ, ನೀಲಿ ಒಂದು ಕಡೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇವತ್ತಿಗೂ ಹಳೆಯ ಪ್ರೊಜೆಕ್ಷನ್ ಟಿವಿ ರಿಪೇರಿ ಮಾಡುತ್ತೇನೆ. ಜತ್ತದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ ಇದೆ. ಗೋಡೆಗೆ ಅಂಟಿಕೊಳ್ಳುವ ತೆಳ್ಳನೆಯ ಟಿವಿ ಬರುತ್ತವೆ, ಮಿಕ್ಸರ್ ಬರುತ್ತವೆ, ಹೊಲದ ಮೋಟರಿನ ಸ್ಟಾರ್ಟರ್ ಬರುತ್ತವೆ. ಹೊಟ್ಟೆ ತುಂಬುವುದು ಅವುಗಳಿಂದಲೇ. ಆದರೆ ಅಪರೂಪಕ್ಕೊಮ್ಮೆ ಯಾರಾದರೂ ಕಪಾಟಿನಷ್ಟು ದೊಡ್ಡ ಪೆಟ್ಟಿಗೆಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು, ನಾಚುತ್ತ, ಇದು ನಮ್ಮಪ್ಪ ತಂದದ್ದು, ಒಗೆಯಲು ಮನಸ್ಸಾಗುವುದಿಲ್ಲ ಎನ್ನುತ್ತಾರೆ. ಪಕ್ಕದ ಮೊಬೈಲ್ ಅಂಗಡಿಯವರು ಹಲ್ಲು ಕಿಸಿಯುತ್ತಾರೆ. ಕಿಸಿಯಲಿ, ಅವರ ಹಲ್ಲು ಅವರ ಬಾಯಿ. ನಾನು ಪೆಟ್ಟಿಗೆಯನ್ನು ಇಳಿಸಿಕೊಳ್ಳುತ್ತೇನೆ. ಇದರಲ್ಲೇನಿದೆ, ಗುಜರಿಗೆ ಹಾಕಿ ಎನ್ನುವ ಬಾಯಿಗಳನ್ನು ಸಣ್ಣವಳಿದ್ದಾಗಿನಿಂದ ನೋಡುತ್ತ ಬಂದಿದ್ದೇನೆ. ಅಂಥ ಮೊದಲನೆಯ ಬಾಯಿ ನಮ್ಮ ಮನೆಯೊಳಗೇ ಇತ್ತು.

ಮನೆ ಜತ್ತದ ಹತ್ತಿರದ ಬಾಲಗಾಂವದಲ್ಲಿ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮುಂದೆ ಎತ್ತರದ ಕಟ್ಟೆ. ಬಾಗಿಲು ದಾಟಿದರೆ ಪಡಸಾಲೆ, ಅದು ದೊಡ್ಡಪ್ಪನದು. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ಸುತ್ತಿನ ಊರುಗಳ ಶೇಂಗಾ, ಸಜ್ಜೆ, ಹುರುಳಿ ಖರೀದಿ ಮಾಡಿ ಪೇಟೆಗೆ ಕಳಿಸುವುದು ಅವರ ಕಸುಬು. ಆದ್ದರಿಂದ ಪಡಸಾಲೆಯಲ್ಲಿ ಯಾವಾಗಲೂ ಚೀಲದ ಧೂಳು, ತಕ್ಕಡಿಯ ಸದ್ದು. ದೊಡ್ಡವ್ವ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಒಳಗಿನ ಅಡುಗೆಮನೆ ಮತ್ತು ದೇವರ ಜಗಲಿ ಆಯಿಯವು. ಆಯಿ ಅಪ್ಪನ ತಾಯಿ. ಉಪ್ಪಿನ ಗಡಿಗೆಯನ್ನೂ ಕೇಳದೆ ಮುಟ್ಟಗೊಡುತ್ತಿರಲಿಲ್ಲ. ಅಪ್ಪ ಲಾರಿ ಡ್ರೈವರ್, ಮನೆಗೆ ಬಂದರೆ ನೆಂಟರಂತೆ ಬಂದು ನೆಂಟರಂತೆ ಹೋಗುವವರು. ಉಳಿದದ್ದು ಪಡಸಾಲೆಯ ಬಲಕ್ಕೆ, ಓಣಿಯ ಕಡೆ ಕಿಟಕಿ ಇದ್ದ ಒಂದು ಖೋಲಿ. ಅದರಲ್ಲಿ ಅವ್ವನ ಹೊಲಿಗೆಯ ಮಷಿನ್ ಇತ್ತು. ಊರ ಹೆಂಗಸರ ಕುಬಸ, ಹುಡುಗಿಯರ ಲಂಗ, ಸಾಲೆಯ ಯೂನಿಫಾರ್ಮ್ ಎಲ್ಲ ಅಲ್ಲೇ ಹೊಲಿದಾಗುತ್ತಿದ್ದವು. ಅಷ್ಟು ದೊಡ್ಡ ಮನೆಯಲ್ಲಿ ಅವ್ವ ಬಾಗಿಲು ಮುಂದೆ ಮಾಡಿಕೊಂಡು ತನ್ನ ಪಾಡಿಗೆ ತಾನು ಕೂರಬಹುದಾದ ಜಾಗ ಅದೊಂದೇ.

ನಮ್ಮ ಕಡೆ ಸೊಸೆ ಗಂಡನ ಅಣ್ಣನೊಂದಿಗೆ ನೇರ ಮಾತಾಡುವ ಹಾಗಿರಲಿಲ್ಲ. ಎದುರಿಗೆ ಬಂದರೆ ಸೆರಗು ಎಳೆದುಕೊಳ್ಳಬೇಕು, ಹೇಳುವುದಿದ್ದರೆ ಗೋಡೆಗೋ ಮಕ್ಕಳಿಗೋ ಹೇಳಬೇಕು. ನಮ್ಮ ಮನೆಯಲ್ಲಿ ಆ ಮಗು ನಾನು. ದೊಡ್ಡಪ್ಪ ಒಂದು ಮಾರು ದೂರದಲ್ಲಿ ಕೂತಿರುತ್ತಿದ್ದರು. ಅವ್ವ ಬಾಗಿಲ ಹಿಂದಿನಿಂದ, ಗಂಗೀ, ನಿಮ್ಮ ದೊಡ್ಡಪ್ಪಗ ಊಟಕ್ಕ ಏಳ್ರಿ ಅನ್ನು ಎನ್ನುತ್ತಿದ್ದಳು. ಅವರಿಗೆ ಅದು ಸ್ಪಷ್ಟವಾಗಿ ಕೇಳಿಸಿರುತ್ತಿತ್ತು, ಆದರೂ ನಾನು ಹೇಳುವ ತನಕ ಏಳುತ್ತಿರಲಿಲ್ಲ. ಬಂದೆ ಅನ್ನು ನಿಮ್ಮವ್ವಗ ಎಂದು ನನಗೇ ಹೇಳುತ್ತಿದ್ದರು. ಇಬ್ಬರ ನಡುವೆ ನನ್ನ ಬಾಯಿ ನುಲಿದ ಹಗ್ಗದಂತೆ ಅತ್ತ ಇತ್ತ ಜಗ್ಗಿಸಿಕೊಳ್ಳುತ್ತಿತ್ತು. ನಾನೂ ಸುಮ್ಮನಿರುವವಳಲ್ಲ. ಬರಬರುತ್ತ ಅವ್ವನ ಮಾತಿಗೆ ನನ್ನ ಉಪ್ಪು ಖಾರ ಹಾಕತೊಡಗಿದೆ. ಬೆಲ್ಲ ತೀರಿದೆ ಎಂದು ಹೇಳು ಅಂದರೆ, ಬೆಲ್ಲ ಇಲ್ಲಂತ್ರಿ, ಮೊನ್ನೆನೂ ಹೇಳಿದ್ಳಂತ್ರಿ, ನಿಮಗ ಕೇಳ್ಸಂಗಿಲ್ಲೇನಂತ್ರಿ ಎಂದು ಒಪ್ಪಿಸುತ್ತಿದ್ದೆ. ಬಾಗಿಲ ಹಿಂದಿನಿಂದ ಅವ್ವ ಬೆನ್ನಿಗೆ ಚಿವುಟುತ್ತಿದ್ದಳು. ಆಮೇಲೆ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುವವಳೂ ಅವಳೇ.

ಟಿವಿ ಬಂದದ್ದು ಅಪ್ಪನ ಲಾರಿಯಲ್ಲಿ. ಪುಣೆಯ ಒಂದು ಹೋಟೆಲಿನವರು ಹಳೆಯ ಸಾಮಾನು ತೆಗೆಯುತ್ತಿದ್ದರಂತೆ, ಅಪ್ಪ ಅದನ್ನು ಚಾದರದಲ್ಲಿ ಸುತ್ತಿ ತಂದಿದ್ದರು. ಬಾಗಿಲಲ್ಲಿ ಹಿಡಿಯಲಿಲ್ಲ, ಬಾಗಿಲಿನ ಎರಡೂ ಕದ ಕಳಚಿ ಒಳಗೆ ತಳ್ಳಿದರು. ದೊಡ್ಡಪ್ಪ ಅದನ್ನು ನೋಡಿ, ನನ್ನ ಪಡಸಾಲ್ಯಾಗ ಈ ಹೆಣ ಬ್ಯಾಡ ಎಂದರು. ಹಾಗಾಗಿ ಅದು ಅವ್ವನ ಖೋಲಿಗೆ ಹೋಯಿತು, ದಕ್ಷಿಣದ ಗೋಡೆಗೆ ಬೆನ್ನು ಹಚ್ಚಿ ಉತ್ತರಕ್ಕೆ ಮುಖ ಮಾಡಿ ನಿಂತಿತು. ಮಾಳಿಗೆಯ ಮೇಲೆ ಒಂದು ಡಿಶ್ ಬಂತು. ಚಾಲೂ ಮಾಡಿದಾಗ ನಿಜವಾದ ಮನುಷ್ಯರಷ್ಟು ದೊಡ್ಡ ಮುಖಗಳು ಖೋಲಿಯೊಳಗೆ ಎದ್ದು ನಿಂತವು. ಆಯಿ ಎದ್ದು ಸೆರಗು ಸರಿಮಾಡಿಕೊಂಡಳು, ಅಷ್ಟು ಮಂದಿ ಗಂಡಸರು ಒಮ್ಮೆಲೇ ಮನೆಗೆ ಬಂದರಲ್ಲ ಎಂದು.

ಆ ಟಿವಿಯ ಹೊಟ್ಟೆಯೊಳಗೆ ಏನಿದೆ ಎಂದು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸಾಮಾನ್ಯ ಟಿವಿಗೆ ಒಂದು ಕೊಳವೆ, ಇದಕ್ಕೆ ಮೂರು: ಒಂದು ಕೆಂಪು, ಒಂದು ಹಸಿರು, ಒಂದು ನೀಲಿ. ಸಾಲಾಗಿ ಕೂತ ಆ ಮೂರೂ ತಮ್ಮ ತಮ್ಮ ಬಣ್ಣದ ಚಿತ್ರವನ್ನು ಹಿಂದಿನ ದೊಡ್ಡ ಕನ್ನಡಿಗೆ ಎಸೆಯುತ್ತವೆ, ಕನ್ನಡಿ ಅದನ್ನು ಮುಂದಿನ ಪರದೆಗೆ ತಿರುಗಿಸುತ್ತದೆ. ಮೂರೂ ಚಿತ್ರ ಒಂದರ ಮೇಲೊಂದು ಕೂತರೆ ಮನುಷ್ಯನ ಮುಖ ಮನುಷ್ಯನ ಮುಖದಂತೆ ಕಾಣುತ್ತದೆ. ಒಂದು ಬಣ್ಣ ಜರುಗಿದರೆ ಮೂಗಿನ ಪಕ್ಕ ಇನ್ನೊಂದು ಕೆಂಪು ಮೂಗು, ತುಟಿಯ ಮೇಲೆ ನೀಲಿ ಮೀಸೆ. ಮೂರನ್ನೂ ಒಟ್ಟಿಗೆ ಕೂಡಿಸುವ ಕೆಲಸಕ್ಕೆ ಕನ್ವರ್ಜೆನ್ಸ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಜೋಡಿಸುವುದು ಎನ್ನುತ್ತಿದ್ದೆವು. ಇಲ್ಲಿ ನಾನು, ನಮ್ಮ ಮನೆಯೂ ಮೂರು ಬಣ್ಣದ ಹಾಗೆ ಇತ್ತು ಎಂದು ಏನಾದರೂ ಚಂದ ಮಾಡಿ ಹೇಳಿಯೇನು ಎಂದು ಕಾಯುವವರು ಕಾಯಬೇಡಿ. ಟಿವಿ ಟಿವಿ, ಮನೆ ಮನೆ.

ಟಿವಿ ಬಂದ ಮೇಲೆ ಅವ್ವನ ಖೋಲಿ ತುಂಬಿತು. ಮಧ್ಯಾಹ್ನ ರೊಟ್ಟಿ ಉಂಡು, ಪಾತ್ರೆ ತೊಳೆದಿಟ್ಟು, ಓಣಿಯ ಹೆಂಗಸರು ಮೊರದಲ್ಲಿ ಶೇಂಗಾ ಹಾಕಿಕೊಂಡು ಬರುತ್ತಿದ್ದರು. ಕಾಯಿ ಸುಲಿಯುತ್ತ ಮರಾಠಿ ಧಾರಾವಾಹಿಯನ್ನೂ ನೋಡುತ್ತಿದ್ದರು, ಕನ್ನಡದ್ದನ್ನೂ ನೋಡುತ್ತಿದ್ದರು, ಎರಡರಲ್ಲೂ ಅತ್ತೆಯರನ್ನು ಒಂದೇ ಸಮ ಬೈಯುತ್ತಿದ್ದರು. ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಂದು ಕುಬಸದ ಬಟ್ಟೆ, ಒಂದು ಹರಿದ ಲಂಗ ಕಂಕುಳಲ್ಲಿ ಇರುತ್ತಿತ್ತು. ಅವ್ವ ಅಲ್ಲೇ ಅಳತೆ ತೆಗೆಯುತ್ತಿದ್ದಳು, ಪರದೆಯ ಮೇಲಿನ ಹೆಣ್ಣಿನ ತೋಳು ನೋಡಿ ಹಾಗೇ ಹೊಲಿದು ಕೊಡುತ್ತಿದ್ದಳು. ಬೆಳುಂಕಿಯಂಥ ಬೇರೆ ಊರಿಗೆ ಮದುವೆಯಾಗಿ ಹೋದವರೂ ತವರಿಗೆ ಬಂದಾಗ ಕುಬಸ ನಮ್ಮವ್ವನ ಹತ್ತಿರವೇ ಹೊಲಿಸುತ್ತಿದ್ದರು. ಆ ಖೋಲಿಯೊಳಗೆ ಅವ್ವ ಸೆರಗನ್ನು ಹೆಗಲಿಗೆ ಬಿಟ್ಟು, ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದಳು. ಹೊಸ್ತಿಲು ದಾಟಿ ಪಡಸಾಲೆಗೆ ಬಂದರೆ ಅದೇ ಅವ್ವನ ದನಿ ಇಳಿದುಹೋಗುತ್ತಿತ್ತು. ನನಗೆ ಖೋಲಿಯೊಳಗಿನ ಅವ್ವನೇ ಬೇಕಾಗಿದ್ದಳು.

ಖಂಡೇನವಮಿ ಬಂತು. ನಮ್ಮಲ್ಲಿ ಅವತ್ತು ಮನೆಯ ಕಬ್ಬಿಣವೆಲ್ಲ ದೇವರಾಗುತ್ತದೆ. ಕುಡಗೋಲು, ಕೊಡಲಿ, ತಕ್ಕಡಿ, ಅವ್ವನ ಕತ್ತರಿ, ಮಷಿನ್, ಎಲ್ಲವನ್ನೂ ತೊಳೆದು ವಿಭೂತಿ ಎಳೆದು ಚೆಂಡುಹೂ ಇಡುತ್ತೇವೆ. ಆಯಿ ಟಿವಿಗೂ ಪೂಜೆ ಆಗಬೇಕು ಎಂದಳು. ಪೂಜೆ ಆಗುವುದಾದರೆ ಮುಖ ಪೂರ್ವಕ್ಕಿರಬೇಕು, ಉತ್ತರಕ್ಕೆ ಮುಖ ಮಾಡಿಸಿ ಯಾರೂ ಪೂಜೆ ಮಾಡುವುದಿಲ್ಲ ಎಂದು ಹಟ ಹಿಡಿದಳು. ದೊಡ್ಡಪ್ಪನ ಹಮಾಲರನ್ನು ಕರೆಸಿ, ಟಿವಿಯನ್ನು ಪಶ್ಚಿಮದ ಗೋಡೆಗೆ ಸರಿಸಿ, ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದರು. ಆಯಿ ಅದರ ಪರದೆಗೇ ವಿಭೂತಿ ಹಚ್ಚಲು ಹೋದಳು. ಅವ್ವ ಹೆಂಗೋ ಮಾಡಿ ಆ ಕೈಯನ್ನು ಪೆಟ್ಟಿಗೆಯ ಕಟ್ಟಿಗೆಯ ಮೇಲೆ ತಿರುಗಿಸಿದಳು. ಕಾಯಿ ಒಡೆದಾಯಿತು, ಹೋಳಿಗೆ ಉಂಡದ್ದಾಯಿತು. ಟಿವಿ ಅಲ್ಲೇ ಉಳಿಯಿತು, ಯಾಕೆಂದರೆ ಹಾಗೆ ನಿಂತರೆ ಕಿಟಕಿಯ ಗಾಳಿ ಚಲೋ ಬರುತ್ತದೆ ಎಂದು ಎಲ್ಲರಿಗೂ ಅನಿಸಿತು.

ಮಾರನೆಯ ದಿನ ಮೊದಲು ಕಂಡವಳು ನಾನೇ. ಸುದ್ದಿ ಓದುವವಳ ಬಿಳಿ ಕುಬಸದ ಅಂಚಿಗೆ ತೆಳ್ಳಗೆ ಕೆಂಪು ಗೆರೆ. ಯಾರಿಗೂ ಅದೇನು ದೊಡ್ಡದಾಗಿ ಕಾಣಲಿಲ್ಲ, ಆದರೆ ರಿಮೋಟಿನಲ್ಲಿ ಬಣ್ಣ ಸರಿಸುವ ಗುಂಡಿ ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಅದನ್ನೂ ಸರಿಸಿದ್ದನ್ನು ಹಾಗೇ ಇಟ್ಟುಕೊಳ್ಳುವ ಗುಂಡಿಯನ್ನೂ ಅಪ್ಪ ತಂದಾಗ ತೋರಿಸಿದ್ದರು. ಆಯಿಗೆ ಒಂದು ಕಣ್ಣಿನಲ್ಲಿ ಪೊರೆ. ಅವಳು ಬಾಗಿಲ ಹತ್ತಿರ ತನ್ನ ಚಾಪೆಯ ಮೇಲೆ ಕೂತು, ತನಗೆ ಸರಿಕಾಣುವ ತನಕ ಕೆಂಪನ್ನು ಎಳೆದಳು. ಸಂಜೆ ಸುದ್ದಿ ನೋಡಲು ದೊಡ್ಡಪ್ಪ ಕುರ್ಚಿ ಹಾಕಿಕೊಂಡು ಕೂತರು, ಇದೇನು ಹಾಳಾಗಿ ಕಾಣುತ್ತದೆ ಎಂದು ಕುರ್ಚಿಯಿಂದಲೇ ನೀಲಿಯನ್ನು ಎಳೆದರು. ಅವರು ಎದ್ದ ಮೇಲೆ ಅವ್ವ ಮಷಿನ್ ಹತ್ತಿರದಿಂದ ಎರಡನ್ನೂ ವಾಪಸ್ ಎಳೆದಳು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರಿಗೆ ಹೇಳಲಿಲ್ಲ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರೂ ಎಡವಟ್ಟರೇ. ರಿಮೋಟ್ ಮುಟ್ಟದವಳು ನಾನೊಬ್ಬಳೇ, ಅದೂ ಒಳ್ಳೆಯವಳೆಂದಲ್ಲ. ಹುಡುಗಿ ಕೈ ಹಚ್ಚಿದರೆ ಕೆಡುತ್ತದೆ ಎಂದು ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಧಾರಾವಾಹಿಯ ಸೊಸೆಗೆ ಮೂರು ಮೂಗು ಬಂದವು. ಹೆಂಗಸರು ಒಂದು ದಿನ ನಕ್ಕರು, ಇನ್ನೊಂದು ದಿನ ತಲೆನೋವು ಎಂದರು, ಆಮೇಲೆ ಮೊರ ತೆಗೆದುಕೊಂಡು ಬೇರೆ ಮನೆಯ ಕಟ್ಟೆಗೆ ಹೋದರು.

ಅದು ಶೇಂಗಾ ಬರುವ ಹಂಗಾಮು. ಪಡಸಾಲೆ ತುಂಬಿ ಕಟ್ಟೆಯ ಮೇಲೆ ಚೀಲ ಬಿದ್ದಿದ್ದವು. ದೊಡ್ಡಪ್ಪ ಖೋಲಿಯ ಬಾಗಿಲಲ್ಲಿ ನಿಂತು ಒಳಗೆ ನೋಡುವುದು ಹೆಚ್ಚಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬಂತೆ, ಟಿವಿಯನ್ನು ರಿಪೇರಿಯವರು ಯಾರೂ ನೋಡುವ ಮೊದಲೇ ಹಮಾಲರನ್ನು ಕರೆದು ಆ ಖೋಲಿಯಲ್ಲಿ ಎಷ್ಟು ಚೀಲ ಹಿಡಿದಾವು ಎಂದು ಅಳತೆ ಮಾಡಿಸಿದರು. ಟಿವಿ ಗುಜರಿಗೆ, ಖೋಲಿ ಶೇಂಗಾಕ್ಕೆ, ಮಷಿನ್ ಅಡುಗೆಮನೆಗೆ. ಒಲೆಯ ಪಕ್ಕದ ಮೂಲೆಯಲ್ಲಿ, ಹೊಗೆಯಲ್ಲಿ, ಆಯಿಯ ಕಣ್ಣ ಕೆಳಗೆ ಅವ್ವ ಕೂತು ಹೊಲಿಯಬೇಕು. ಊರ ಹೆಂಗಸರು ಇನ್ನೊಬ್ಬರ ಅಡುಗೆಮನೆಯ ತನಕ ಅಳತೆ ಕೊಡಲು ಬರುವುದಿಲ್ಲ. ಹೊಲಿಗೆ ನಿಲ್ಲುತ್ತದೆ ಎಂಬುದು ಅವ್ವನಿಗೂ ಗೊತ್ತು, ನನಗೂ ಗೊತ್ತು, ದೊಡ್ಡಪ್ಪನಿಗಂತೂ ಚೆನ್ನಾಗಿ ಗೊತ್ತು.

ಅವ್ವ ನನ್ನ ಬಾಯಿಂದ ಒಂದೇ ಮಾತು ಹೇಳಿಸಿದಳು, ಒಗೆಯುವ ಮೊದಲು ಒಮ್ಮೆ ಯಾರಿಗಾದರೂ ತೋರಿಸಿ ಎಂದು. ಜತ್ತದಿಂದ ಸಾದಿಕ ಬಂದ. ಆಗ ಅವನು ಹೊಸದಾಗಿ ಟಿವಿ ರಿಪೇರಿ ಶುರುಮಾಡಿದ್ದ ಹುಡುಗ, ಸ್ಕೂಟರ್ ಮೇಲೆ ಒಂದು ತಗಡಿನ ಪೆಟ್ಟಿಗೆ. ಹಿಂದಿನ ಹಲಗೆ ಬಿಚ್ಚಿ ನೋಡಿದ, ಸುಟ್ಟ ವಾಸನೆ ಇದೆಯೇ ಎಂದು ಮೂಸಿದ. ಆಮೇಲೆ ಎಲ್ಲರನ್ನೂ ನೋಡಿ ಕೇಳಿದ.

“ಜಾಗಾ ಗೀಗಾ ಬದಲ ಮಾಡೀರೇನ್ರಿ? ಯಾರರೆ ಗುಂಡಿ ಒತ್ತ್ಯಾರೇನು?”

“ಇಲ್ಲೋ ಯಪ್ಪಾ,” ಎಂದಳು ಆಯಿ. “ಪೂಜಾ ಮಾಡೀವಿ, ಅಷ್ಟ.”

ಆಯಿ ಸುಳ್ಳು ಹೇಳಲಿಲ್ಲ, ಅವಳ ಪರವಾಗಿ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಕಾರಹುಣ್ಣಿಮೆಗೆ ಎತ್ತು ತೊಳೆದು ತಿರುಗಿಸಿ ನಿಲ್ಲಿಸಿ ಪೂಜೆ ಮಾಡುತ್ತೇವೆ, ಅದಕ್ಕೆ ಎತ್ತಿನ ಜಾಗ ಬದಲಿಸಿದೆವು ಎನ್ನುತ್ತೇವೆಯೇ? ದೇವರ ಕೆಲಸಕ್ಕೆ ತಿರುಗಿಸಿದ್ದು ಆಯಿಯ ಲೆಕ್ಕದಲ್ಲಿ ಸರಿಸಿದ್ದೇ ಅಲ್ಲ. ಗುಂಡಿಯ ಮಾತಿಗೆ ಮಾತ್ರ ಮೂವರೂ ಒಂದೊಂದು ಕಡೆ ನೋಡಿದರು. ನಾನು ಬಾಯಿ ತೆರೆದೆ. ದೊಡ್ಡಪ್ಪ ಕಣ್ಣು ಬಿಟ್ಟರು, ಹೊರಗಿನವರ ಮುಂದೆ ಮಕ್ಕಳು ಮಾತಾಡಬಾರದು. ಸಾದಿಕ ಮತ್ತೊಮ್ಮೆ ಒಳಗೆ ನೋಡಿ, ಬಣ್ಣ ಜೋಡಿಸುವ ಬೋರ್ಡು ಹೋಗಿದೆ, ಸಾಮಾನು ಮುಂಬಯಿಯಿಂದ ಬರಬೇಕು, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂದ. ದೊಡ್ಡಪ್ಪನ ಮುಖ ಅರಳಿತು. ಬರುವ ಸಂತೆಯ ದಿನ ಗುಜರಿಯವನನ್ನು ಕರೆಯುತ್ತೇನೆ ಎಂದು ಅಲ್ಲೇ ಹೇಳಿದರು.

ಅವನ ಸ್ಕೂಟರ್ ಹೊರಟಿತು, ನಾನು ಅದರ ಹಿಂದೆ ಓಡಿದೆ. ಊರ ಹೊರಗಿನ ಬೇವಿನ ಗಿಡದ ಹತ್ತಿರ ಅವನು ನಿಲ್ಲಿಸಿದ. ಏದುಸಿರು ಬಿಡುತ್ತ ಎಲ್ಲ ಹೇಳಿದೆ: ಪೂಜೆಗೆ ಉತ್ತರದಿಂದ ಪೂರ್ವಕ್ಕೆ ತಿರುಗಿಸಿದ್ದು, ಕೆಂಪು ಎಳೆದವರು ಯಾರು, ನೀಲಿ ಎಳೆದವರು ಯಾರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಕೆಳಗೆ ಕೂತು, ಭೂಮಿಯೇ ಒಂದು ಅಯಸ್ಕಾಂತ, ಈ ನಮೂನೆಯ ಟಿವಿಯನ್ನು ದಿಕ್ಕು ಬದಲಿಸಿ ನಿಲ್ಲಿಸಿದರೆ ಬಣ್ಣ ಸ್ವಲ್ಪ ಜರುಗುತ್ತದೆ, ಅದು ಕೆಟ್ಟದ್ದಲ್ಲ, ಹೊಸ ಜಾಗಕ್ಕೆ ಮತ್ತೆ ಜೋಡಿಸಬೇಕು ಅಷ್ಟೇ ಎಂದ. ಉಳಿದದ್ದನ್ನು ಕೆಡಿಸಿದವರು ನಿಮ್ಮ ಮನೆಯವರು ಎಂದ. ಹಾಗಾದರೆ ಬೋರ್ಡು ಹೋಗಿಲ್ಲವೇ ಎಂದು ಕೇಳಿದೆ.

“ಗುಂಡಿ ಒತ್ತಿ ನೋಡು. ಗೆರಿ ಸರೀತು ಅಂದ್ರ ಬೋರ್ಡ ಜೀವಂತ ಐತಿ. ಏನ ಒತ್ತಿದ್ರೂ ಸರೀಲಿಲ್ಲಂದ್ರ ಹೋತು ಅನ್ನು.”

ಆಮೇಲೆ ಕಡ್ಡಿಯಿಂದ ಮಣ್ಣಿನಲ್ಲಿ ಚೌಕುಳಿ ಗೆರೆ ಬರೆದ. ಟಿವಿ ಹಚ್ಚಿದ ಕೂಡಲೇ ಕೈ ಹಾಕಬೇಡ, ಚಲೋ ಕಾಯಲಿ, ತಣ್ಣಗಿದ್ದಾಗ ಜೋಡಿಸಿದ್ದು ಕಾದ ಮೇಲೆ ನಿಲ್ಲುವುದಿಲ್ಲ. ಹಸಿರನ್ನು ಮುಟ್ಟಬೇಡ, ಅದು ನೆಟ್ಟ ಕಂಬ; ಕೆಂಪನ್ನು ಅದರ ಮೇಲೆ ತಂದು ಕೂಡಿಸು, ಆಮೇಲೆ ನೀಲಿ. ಮೊದಲು ನಡುವೆ, ಆಮೇಲೆ ಬದಿ, ಮೂಲೆ ಕಡೆಗೆ. ಒಂದೇ ಕಡೆ ಎದುರಿಗೆ ಕೂತು ನೋಡು. ಆ ಚೌಕುಳಿ ಗೆರೆ ಪರದೆಯ ಮೇಲೆ ಬರಲು ಯಾವ ಗುಂಡಿ ಒತ್ತಬೇಕು ಎಂಬುದನ್ನೂ ಹೇಳಿದ. ನೀನೇ ಬಂದು ಮಾಡು ಎಂದು ಕೈ ಹಿಡಿದೆ. ನಿಮ್ಮ ದೊಡ್ಡಪ್ಪನ ಮುಂದೆ ಈಗಷ್ಟೇ ಬೋರ್ಡು ಹೋಗಿದೆ ಎಂದು ಬಂದಿದ್ದೇನೆ, ತಿರುಗಿ ಹೋದರೆ ಕಟ್ಟೆ ಹತ್ತಗೊಡುವುದಿಲ್ಲ ಎಂದು ಸ್ಕೂಟರ್ ಒದ್ದ. ಒಳ್ಳೆಯವನು, ಆದರೆ ಪುಕ್ಕಲ. ದೊಡ್ಡವಳಾದ ಮೇಲೆ ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ. ಹೌದು ತಂಗಿ ಎಂದು ಒಪ್ಪಿಕೊಂಡು ಚಹಾ ಕುಡಿಸಿದ.

ನಾನು ಬಂದು ಎಲ್ಲ ಹೇಳಿದ ಮೇಲೆ ಅವ್ವ ಅವತ್ತೇ ಟೆಲಿಫೋನ್ ಬೂತಿಗೆ ಹೋಗಿ ಅಪ್ಪ ಇಳಿದುಕೊಂಡಿದ್ದ ಕಡೆ ಫೋನ್ ಹಚ್ಚಿದಳು. ನಾನು ಪಕ್ಕದಲ್ಲೇ ಇದ್ದೆ. ಅಪ್ಪನ ದನಿ ಹೊರಗೆ ನನಗೂ ಕೇಳಿಸುತ್ತಿತ್ತು, ಅಣ್ಣ ಹೇಳಿದಂಗ ಮಾಡ್ರಿ, ಮನ್ಯಾಗ ಜಗಳ ಬ್ಯಾಡ. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅವರು ಕೆಟ್ಟವರಲ್ಲ, ಆದರೆ ಒಳ್ಳೆಯವರಾಗಿಯೇ ಇದ್ದು ಹೆಂಡತಿಯನ್ನು ಒಲೆಯ ಮೂಲೆಗೆ ಕಳಿಸಲು ಹೊರಟಿದ್ದರು. ಅವ್ವ ಮನೆಗೆ ಬಂದು ರೊಟ್ಟಿ ಬಡಿದಳು. ದೊಡ್ಡಪ್ಪ ಊಟಕ್ಕೆ ಕೂತಾಗ ಬಾಗಿಲ ಹಿಂದಿನಿಂದ ನನಗೆ ಹೇಳಿದಳು, ಸಂತೆಯ ದಿನದ ತನಕ ಖೋಲಿ ನನ್ನದೇ, ಅಲ್ಲಿ ನನ್ನ ಮಗಳು ಏನು ಮಾಡಿದರೂ ಯಾರೂ ಕೇಳಬಾರದು ಎಂದು ಹೇಳು. ನಾನು ಇದ್ದದ್ದನ್ನು ಇದ್ದ ಹಾಗೇ ಒಪ್ಪಿಸಿದೆ, ಒಂದು ಹರಳು ಉಪ್ಪನ್ನೂ ಸೇರಿಸಲಿಲ್ಲ. ದೊಡ್ಡಪ್ಪ ತುತ್ತು ಕೈಯಲ್ಲಿ ಹಿಡಿದು ನಕ್ಕರು. ಕೆಟ್ಟದ್ದನ್ನು ಇನ್ನೆಷ್ಟು ಕೆಡಿಸೀಯ, ಆಡಿಕೋ ಎಂದರು.

ಮರುದಿನ ಸಾಲೆಗೆ ಹೋಗಲಿಲ್ಲ. ಅವ್ವ ಸುತ್ತಿಟ್ಟಿದ್ದ ರಿಮೋಟನ್ನು ಬಟ್ಟೆಯಿಂದ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಟಿವಿ ಕಾಯುವ ತನಕ ನಾನು ನೆಲದ ಮೇಲೆ ಕೂತಿದ್ದೆ. ಚೌಕುಳಿ ಗೆರೆ ತಂದೆ. ದೇವರೇ, ಅದೇನು ಗೆರೆಯೇ, ಬೆಕ್ಕು ಆಡಿಬಿಟ್ಟ ನೂಲಿನ ಉಂಡೆಯ ಹಾಗಿತ್ತು. ಕೆಂಪನ್ನು ಆರಿಸಿ ಗುಂಡಿ ಒತ್ತಿದೆ. ಗೆರೆ ಸರಿಯಿತು. ಅವ್ವಾ, ಜೀವಂತ ಐತಿ ಎಂದು ಕೂಗಿದೆ. ಅವ್ವ ಮಷಿನ್ನಿನ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದಳು, ಆಮೇಲೆ ಆ ದಿನವಿಡೀ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ನಡುವಿನದು ಬೇಗ ಕೂಡಿತು. ಬದಿಗೆ ಹೋದರೆ ತಂಟೆ. ಎಡಕ್ಕೆ ಸರಿಮಾಡಿದರೆ ಬಲಕ್ಕೆ ಬಿಚ್ಚುತ್ತಿತ್ತು, ಮೇಲಿನದು ಕೂತರೆ ಕೆಳಗಿನದು ಬಿಲ್ಲಿನಂತೆ ಬಾಗುತ್ತಿತ್ತು. ಸಿಟ್ಟು ಬಂದು ರಿಮೋಟ್ ಒಗೆಯಬೇಕು ಅನ್ನುವಷ್ಟರಲ್ಲಿ ತಿಳಿಯಿತು, ಒಂದನ್ನೇ ಪೂರ್ತಿ ಸರಿಮಾಡಲು ಹೋಗಬಾರದು. ಇಲ್ಲಿ ಒಂದಿಷ್ಟು ಅಲ್ಲಿ ಒಂದಿಷ್ಟು ಎಳೆದು, ಸುತ್ತು ಹಾಕಿ ಮತ್ತೆ ಅಲ್ಲಿಗೇ ಬರಬೇಕು. ಇದನ್ನು ಸಾದಿಕ ಹೇಳಿರಲಿಲ್ಲ, ಕೈಯೇ ಹೇಳಿತು. ಕೆಂಪು ಪೂರ್ತಿ ಕೂತಿತು ಅನ್ನುವಾಗ ಕರೆಂಟ್ ಹೋಯಿತು. ಕೂತದ್ದನ್ನು ಹಾಗೇ ಇಟ್ಟುಕೋ ಎಂದು ಟಿವಿಗೆ ಹೇಳುವ ಗುಂಡಿಯನ್ನು ನಾನು ಒತ್ತಿರಲಿಲ್ಲ. ಕರೆಂಟ್ ಬಂದಾಗ ಮತ್ತೆ ಅದೇ ನೂಲಿನ ಉಂಡೆ. ಅವ್ವ ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಮೊಸರು ಹಚ್ಚಿ ನನ್ನ ಬಾಯಿಗೆ ಇಡುತ್ತ ಹೋದಳು, ನಾನು ಅಗಿಯುತ್ತ ಮೊದಲಿನಿಂದ ಶುರುಮಾಡಿದೆ.

ಮಧ್ಯಾಹ್ನ ಆಯಿ ಬಂದು ಬಾಗಿಲಲ್ಲಿ ನಿಂತಳು. ಹುಡುಗಿಗೆ ಹುಚ್ಚು, ತಾಯಿಗೂ ಹುಚ್ಚು ಎಂದಳು. ಸ್ವಲ್ಪ ಹೊತ್ತು ನೋಡಿದಳು, ಚಾಪೆ ಹಾಸಿಕೊಂಡು ಕೂತಳು. ಕೆಂಪು ಗೆರೆ ಹಸಿರಿನ ಮೇಲೆ ಹತ್ತಿ ಕೂತು ಹಳದಿಯಾಗುವುದನ್ನು ನೋಡಿ, ಮೆಲ್ಲಗೆ, ಆ ಕೆಂಪನ್ನು ಎಳೆದವಳು ನಾನೇ ಎಂದಳು. ನನಗೆ ಗೊತ್ತು ಎಂದೆ. ಗೊತ್ತಿದ್ದೂ ಸುಮ್ಮನಿದ್ದೆಯಾ ಮೂಳಿ ಎಂದು ಬೈದಳು. ಸಂಜೆಗೆ ನೀಲಿಯೂ ಮೂಲೆಗಳ ತನಕ ಬಂದು ಕೂತಿತು, ಗೆರೆಗಳೆಲ್ಲ ಬೆಳ್ಳಗಾದವು. ಈ ಸಲ ಮರೆಯದೆ ಗುಂಡಿ ಒತ್ತಿದೆ. ನನಗೆ ಅಳು ಬಂತು, ಸಂತೋಷಕ್ಕಲ್ಲ, ಸಿಟ್ಟಿಗೆ. ಒಂದು ಹಗಲಿನ ಕೆಲಸ ಮಾಡದೆ ನನ್ನ ಅವ್ವನ ಖೋಲಿಯನ್ನು ತೆಗೆಯಲು ಹೊರಟಿದ್ದರಲ್ಲ.

ಸಂತೆಯ ದಿನ ಬೆಳಿಗ್ಗೆ ದೊಡ್ಡಪ್ಪ ಗುಜರಿಯವನನ್ನೂ ಇಬ್ಬರು ಹಮಾಲರನ್ನೂ ಕರೆದುಕೊಂಡು ಖೋಲಿಗೆ ಬಂದರು. ಟಿವಿ ಚಾಲೂ ಇತ್ತು. ಒಬ್ಬಳು ಪರದೆಯ ಮೇಲೆ ಹಪ್ಪಳ ಮಾಡುವುದು ತೋರಿಸುತ್ತಿದ್ದಳು, ಅವಳ ಮೂಗುತಿಯ ಹರಳು ಕೂಡ ಎಣಿಸುವಂತಿತ್ತು. ದೊಡ್ಡಪ್ಪ ಬಹಳ ಹೊತ್ತು ನಿಂತು ನೋಡಿದರು. ಆಮೇಲೆ ಅವರ ಮುಖದಲ್ಲಿ ವ್ಯಾಪಾರದ ಕಳೆ ಬಂತು. ಗುಜರಿಯವನಿಗೆ, ನಿನಗೆ ಕೆಲಸವಿಲ್ಲ ಹೋಗು ಎಂದರು. ಜತ್ತದಲ್ಲಿ ಲಾಜ್ ನಡೆಸುವ ಒಬ್ಬ ದೊಡ್ಡ ಟಿವಿ ಹುಡುಕುತ್ತಿದ್ದಾನೆ, ಇಷ್ಟು ಚಲೋ ಬರುತ್ತದೆ ಅಂದರೆ ಅವನು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾನೆ ಎಂದರು. ಹಮಾಲರಿಗೆ ಎತ್ತಲು ಹೇಳಿದರು. ನನ್ನ ತಲೆಯ ಮೇಲೆ ಕೈಯಿಟ್ಟು, ಹುಡುಗಿ ಶಾಣ್ಯಾ ಐತಿ, ನಿಮ್ಮವ್ವಗ ಹೇಳು, ಇವತ್ತ ಖೋಲಿ ಖಾಲಿ ಮಾಡು ಅಂತ ಎಂದರು. ಆ ಹೊಗಳಿಕೆ ನನ್ನ ಮೈಯೆಲ್ಲ ಸುಟ್ಟಿತು. ನಾನು ಜೋಡಿಸಿದ್ದರಿಂದಲೇ ಟಿವಿ ಹೋಗುತ್ತಿತ್ತು, ಅದರ ಹಿಂದೆ ಅವ್ವನ ಖೋಲಿಯೂ.

ರಿಮೋಟ್ ನನ್ನ ಕೈಯಲ್ಲೇ ಇತ್ತು. ಚೌಕುಳಿ ಗೆರೆ ತಂದೆ. ಕೆಂಪನ್ನು ಎಡಕ್ಕೆ ಒತ್ತಿದೆ, ಅದು ಇನ್ನು ಹೋಗುವುದಿಲ್ಲ ಅನ್ನುವ ತನಕ ಒತ್ತಿದೆ. ನೀಲಿಯನ್ನು ಮೇಲಕ್ಕೆ. ಮೂಲೆಗಳನ್ನು ಒಂದೊಂದು ದಿಕ್ಕಿಗೆ. ಒಂದು ಹಗಲು ಕೂತು ಮಾಡಿದ್ದು ಹಪ್ಪಳ ಮುರಿದ ಹಾಗೆ ಮುರಿಯಿತು. ಕಡೆಗೆ ಹಾಗೇ ಇಟ್ಟುಕೋ ಎನ್ನುವ ಗುಂಡಿಯನ್ನೂ ಒತ್ತಿ, ರಿಮೋಟನ್ನು ದೊಡ್ಡಪ್ಪನ ಮುಂದೆ ಹಿಡಿದೆ.

“ಒಯ್ರಿ,” ಎಂದೆ.

ದೊಡ್ಡಪ್ಪ ಕೈ ಎತ್ತಿದರು. ಅವ್ವ ಮಷಿನ್ ಬಿಟ್ಟು ಎದ್ದು ಬಂದು ನಡುವೆ ನಿಂತಳು. ಎತ್ತಿದ ಕೈ ಎಲ್ಲಿಗೆ ಹೋಗಬೇಕು ತಿಳಿಯದೆ ರಿಮೋಟಿಗೆ ಹೋಯಿತು. ಅವರೇ ಗುಂಡಿ ಒತ್ತಿ ನೋಡಿದರು, ಕೆಂಪು ಕುಣಿಯಿತು, ನೀಲಿ ಇನ್ನಷ್ಟು ದೂರ ಓಡಿತು. ಗುಜರಿಯವನು ಇನ್ನೂ ಬಾಗಿಲಲ್ಲೇ ನಿಂತಿದ್ದ. ಇಂಥ ಪೆಟ್ಟಿಗೆಯನ್ನು ಪುಕ್ಕಟೆ ಕೊಟ್ಟರೂ ಹೊರುವುದು ಯಾರು ಎಂದು ಗೊಣಗಿ ಹೋದ. ಹಮಾಲರು ಹಗ್ಗ ಸುತ್ತಿಕೊಂಡು ನೆಲ ನೋಡುತ್ತಿದ್ದರು. ಆಯಿ ಪಡಸಾಲೆಯಿಂದಲೇ, ಒಂದು ಖೋಲಿಗಾಗಿ ಮನಿ ಮರ್ಯಾದಿ ಓಣ್ಯಾಗ ಹಾಕಬ್ಯಾಡೋ ಎಂದು ಮಗನಿಗೆ ಹೇಳಿದಳು. ದೊಡ್ಡಪ್ಪ ನನ್ನನ್ನು ನೋಡಿದರು.

“ಮತ್ತ ಜೋಡಸಾಕ ಬರತೈತೇನು?”

“ಬರತೈತ್ರಿ. ಈ ಖೋಲ್ಯಾಗ ಇದ್ರ ಬರತೈತಿ.”

ಅವರು ಕುರ್ಚಿಯ ಬೆನ್ನು ಹಿಡಿದು ನಿಂತರು. ನಾನು ಹೇಳಿದ್ದು ಅವರಿಗೆ ತಿಳಿದಿತ್ತು: ಖೋಲಿ ಹೋದರೆ ಟಿವಿಗೆ ಬೆಲೆಯಿಲ್ಲ, ಗುಜರಿಯವನೂ ಅದನ್ನು ಹೊರುವುದಿಲ್ಲ. ಹೊರಗೆ ಚೀಲಗಳು, ಒಳಗೆ ಮೂರು ಚೂರಾದ ಹೆಂಗಸು ಹಪ್ಪಳ ಲಟ್ಟಿಸುತ್ತಲೇ ಇದ್ದಳು.

“ಆತು. ನಿಮ್ಮವ್ವಗ ಹೇಳು, ಖೋಲಿ...”

“ನನ್ನ ಕಡೆ ಹೇಳಬ್ಯಾಡ್ರಿ ದೊಡ್ಡಪ್ಪಾ. ಅವ್ವ ಇಲ್ಲೇ ನಿಂತಾಳ.”

ಅಷ್ಟು ವರ್ಷ ಒಂದೇ ಮಾಳಿಗೆಯ ಕೆಳಗೆ ಅವಳು ಮಾಡಿದ ರೊಟ್ಟಿ ಉಂಡವರು ಅವಳಿಗೆ ಒಂದು ಮಾತನ್ನೂ ಹೇಳಿರಲಿಲ್ಲ. ಗೋಡೆ ನೋಡಿದರು, ಹಮಾಲರನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು. ನಾನು ಬಾಯಿ ಬಿಗಿದುಕೊಂಡು ನಿಂತೆ. ಈ ಸಲ ಸತ್ತರೂ ದಾಟಿಸಲಾರೆ ಎಂದು ನಿಂತೆ. ಕಡೆಗೆ ಅವರೇ ಅವ್ವನ ಕಡೆ ತಿರುಗಿದರು.

“ಖೋಲಿ ನಿನ್ನ ಕಡೇನ ಇರ್ಲಿ, ತಂಗೀ.”

ಅವ್ವ ಸೆರಗು ಎಳೆದುಕೊಳ್ಳಲಿಲ್ಲ, ಬಾಗಿಲ ಹಿಂದೆ ಸರಿಯಲೂ ಇಲ್ಲ. ಹೆಂಗಸರ ಅಳತೆ ತೆಗೆಯುವಾಗ ಇರುತ್ತಿದ್ದ ಅದೇ ದನಿಯಲ್ಲಿ, ಅವರ ಮುಖ ನೋಡಿ ಹೇಳಿದಳು.

“ಅದು ಮೊದಲಿಂದ ನಂದ ಐತ್ರಿ, ಭಾವಾರ.”